ದೈವಕೃಪೆ (ಕ್ರೈಸ್ತಧರ್ಮ)

ಕ್ರೈಸ್ತ ದೈವಶಾಸ್ತ್ರದಲ್ಲಿ ದೈವಕೃಪೆ ಎಂದರೆ ಮನುಷ್ಯನ ಅರ್ಹತೆಯನ್ನು ಲೆಕ್ಕಿಸದೆ ದೇವರು ಅವನಿಗೆ ಉಚಿತವಾಗಿ ತೋರುವ ಅನುಗ್ರಹ. ಪಾಪಕ್ಷಮೆ, ರಕ್ಷಣೆ, ಸನ್ಮಾರ್ಗದಲ್ಲಿ ನಡೆಯುವ ಶಕ್ತಿ ಇವೆಲ್ಲವೂ ಅದರ ಫಲಗಳೆಂಬುದು ಕ್ರೈಸ್ತರ ನಂಬಿಕೆ. ಹೊಸ ಒಡಂಬಡಿಕೆಯ 'ಖಾರಿಸ್' ಎಂಬ ಗ್ರೀಕ್ ಪದಕ್ಕೆ ಕನ್ನಡ ಬೈಬಲಿನಲ್ಲಿ ಸಾಮಾನ್ಯವಾಗಿ 'ಕೃಪೆ' ಎಂಬ ಪದವನ್ನು ಬಳಸಲಾಗಿದೆ.

ಕೃಪೆಯು ದುಡಿದು ಪಡೆಯುವ ಕೂಲಿಯಲ್ಲ, ದಾನ ಎಂಬುದನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾನೆ. ಹಾಗಾದರೆ ಕೃಪೆ ಹೆಚ್ಚಲೆಂದು ಪಾಪದಲ್ಲೇ ಮುಂದುವರಿಯಬಹುದೇ ಎಂಬ ಆಕ್ಷೇಪವನ್ನು ತಾನೇ ಎತ್ತಿ, ಅದನ್ನು ಬಲವಾಗಿ ನಿರಾಕರಿಸಿದ್ದಾನೆ. ಎಲ್ಲವೂ ದೇವರ ದಾನವಾದರೆ ಮನುಷ್ಯನ ಪ್ರಯತ್ನಕ್ಕೆ ಏನು ಬೆಲೆ ಎಂಬ ಪ್ರಶ್ನೆ ಮಾತ್ರ ಮುಂದೆಯೂ ಉಳಿಯಿತು.

ಅಗಸ್ಟೀನ್ ಮತ್ತು ಪೆಲೇಜಿಯಸ್

ಐದನೆಯ ಶತಮಾನದ ಆರಂಭದಲ್ಲಿ ಈ ಪ್ರಶ್ನೆ ದೊಡ್ಡ ವಿವಾದವಾಯಿತು. ರೋಮ್ ನಗರದಲ್ಲಿ ಬೋಧಿಸುತ್ತಿದ್ದ ಪೆಲೇಜಿಯಸನು, ದೇವರು ಆಜ್ಞೆಯಿತ್ತಿರುವುದರಿಂದಲೇ ಅದನ್ನು ಪಾಲಿಸುವ ಸಾಮರ್ಥ್ಯ ಮನುಷ್ಯನಿಗಿದೆ ಎಂದು ವಾದಿಸಿದನು. ಕೃಪೆಯ ನೆಪದಲ್ಲಿ ಕ್ರೈಸ್ತರು ನೈತಿಕವಾಗಿ ಸಡಿಲವಾಗುತ್ತಾರೆಂಬ ಅವನ ಆತಂಕ ಅಕಾರಣವಾದುದೇನಲ್ಲ. ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಅಗಸ್ಟೀನನು (354–430) ಇದನ್ನು ಒಪ್ಪಲಿಲ್ಲ. ಮನುಷ್ಯನ ಇಚ್ಛಾಶಕ್ತಿಯೇ ಪಾಪದಿಂದ ಕುಂದಿರುವುದರಿಂದ, ಒಳ್ಳೆಯದನ್ನು ಬಯಸುವುದಕ್ಕೂ ಕೃಪೆ ಬೇಕು ಎಂಬುದು ಅವನ ನಿಲುವು. 418ರಲ್ಲಿ ಕಾರ್ಥೇಜಿನ ಸಭೆಯು ಪೆಲೇಜಿಯಸನ ಬೋಧನೆಯನ್ನು ಖಂಡಿಸಿತು. ನಂಬಿಕೆಯ ಮೊದಲ ಚಿಗುರು ಕೂಡ ಕೃಪೆಯಿಂದಲೇ ಎಂದು 529ರ ಆರೆಂಜ್ ಸಭೆ ನಿರ್ಣಯಿಸಿತು. ಆದರೆ ದೇವರು ಕೆಲವರನ್ನು ಕೇಡಿಗೆಂದೇ ನೇಮಿಸಿದ್ದಾನೆಂಬ ವಾದವನ್ನು ಅದು ತಿರಸ್ಕರಿಸಿತು.

ಪಂಥಗಳ ನಿಲುವು

ಮಾರ್ಟಿನ್ ಲೂಥರನು ಕೃಪೆಯನ್ನು ನಂಬಿಕೆಯ ಮೂಲಕ ಮಾತ್ರ ಹೊಂದಬಹುದೆಂದನು. ಕೃಪೆಯೇ ಆರಂಭವಾದರೂ ಮನುಷ್ಯನು ಅದಕ್ಕೆ ಸ್ವತಂತ್ರವಾಗಿ ಸಹಕರಿಸುತ್ತಾನೆಂದು ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಸಾರಿತು. ಆರ್ಥೊಡಾಕ್ಸ್ ಪರಂಪರೆಯಲ್ಲಿ ಕೃಪೆಯೆಂದರೆ ಮನುಷ್ಯನನ್ನು ತನ್ನ ಜೀವದಲ್ಲಿ ಪಾಲುಗೊಳಿಸುವ ದೇವರ ಸ್ವಂತ ಶಕ್ತಿ. ಲೂಥರನ್ ಮತ್ತು ಕ್ಯಾಥೊಲಿಕ್ ಪ್ರತಿನಿಧಿಗಳು 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಸಂಯುಕ್ತ ಘೋಷಣೆಗೆ ಸಹಿ ಹಾಕಿದರು. ಮನುಷ್ಯನನ್ನು ದೇವರು ಅಂಗೀಕರಿಸುವುದು ಅವನ ಅರ್ಹತೆಯಿಂದಲ್ಲ, ಕೃಪೆಯಿಂದ. ಆ ಕೃಪೆಯೇ ಅವನನ್ನು ಸತ್ಕ್ರಿಯೆಗೆ ಸಜ್ಜುಗೊಳಿಸುತ್ತದೆ ಎಂಬುದು ಅದರ ತಿರುಳು.

ಕ್ರೈಸ್ತ ಜೀವನದಲ್ಲಿ

ಬದುಕನ್ನು ಬದಲಿಸದ ಕ್ಷಮೆಯನ್ನು ಜರ್ಮನ್ ಪಾದ್ರಿ ಡೀಟ್ರಿಷ್ ಬಾನ್‌ಹೋಫರ್ 1937ರ ತನ್ನ ಕೃತಿಯಲ್ಲಿ 'ಅಗ್ಗದ ಕೃಪೆ' ಎಂದು ಕರೆದನು. ನಾಜಿ ಆಡಳಿತವನ್ನು ವಿರೋಧಿಸಿದ ಅವನನ್ನು 1945ರಲ್ಲಿ ಗಲ್ಲಿಗೇರಿಸಲಾಯಿತು. ಕೃಪೆಯ ಫಲ ಕಾಣಲು ಎಷ್ಟು ಕಾಲ ಬೇಕಾಗಬಹುದೆಂಬುದಕ್ಕೆ 'ಅಮೇಜಿಂಗ್ ಗ್ರೇಸ್' ಗೀತೆಯನ್ನು ರಚಿಸಿದ ಜಾನ್ ನ್ಯೂಟನನ ಜೀವನ ನಿದರ್ಶನ. 1748ರಲ್ಲಿ ಸಮುದ್ರದ ಬಿರುಗಾಳಿಯಿಂದ ಪಾರಾದ ಅವನು ದೇವರತ್ತ ತಿರುಗಿದನಾದರೂ, ಅನಂತರವೂ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿ ದುಡಿದನು. 1754ರಲ್ಲಿ ನೌಕಾಯಾನವನ್ನು ಬಿಟ್ಟು, 1764ರಲ್ಲಿ ಪಾದ್ರಿಯಾದನು. ಆ ವ್ಯಾಪಾರದಲ್ಲಿ ತನಗಿದ್ದ ಪಾಲನ್ನು ಒಪ್ಪಿಕೊಂಡು, ಅದರ ಕ್ರೌರ್ಯವನ್ನು ಬಯಲಿಗೆಳೆದ ಅವನ ಕಿರುಹೊತ್ತಗೆ ಪ್ರಕಟವಾದದ್ದು 1788ರಲ್ಲಿ.