ಇಚ್ಛಾಸ್ವಾತಂತ್ರ್ಯ

ಎದುರಿಗೆ ಎರಡು ದಾರಿಗಳಿದ್ದಾಗ ಒಂದನ್ನು ತಾನಾಗಿ ಆರಿಸಿಕೊಳ್ಳುವ ಮನುಷ್ಯನ ಶಕ್ತಿ. ಮಾಡಿದ್ದಕ್ಕೆ ಹೊಣೆ ಹೊರಿಸುವ ನೀತಿಯೂ ಬಲವಂತವನ್ನು ಅನ್ಯಾಯವೆನ್ನುವ ಮಾನವ ಹಕ್ಕುಗಳೂ ಇದನ್ನೇ ಆಧರಿಸಿವೆ. ಮನುಷ್ಯನನ್ನು ಶಿಕ್ಷೆಗೆ ಅರ್ಹನಾಗಿಸುವ ಈ ಶಕ್ತಿಯೇ ಅವನ ರಕ್ಷಣೆಗೂ ಕಾರಣ.

ಪಾಣಿನಿಯ ವ್ಯಾಕರಣದಲ್ಲಿ ಕರ್ತೃವಿನ ಲಕ್ಷಣವೇ ಸ್ವಾತಂತ್ರ್ಯ: ಮರ ಕಡಿಯುವವನು ಕರ್ತೃ, ಕೊಡಲಿ ಬರೀ ಕರಣ. ಜೀವ ಕರ್ತೃವಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಇರದು ಎಂಬ ವಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿದೆ. ವಿಷ್ಣುವೊಬ್ಬನೇ ಸ್ವತಂತ್ರನೆಂದ ಮಧ್ವಾಚಾರ್ಯರೂ ಜೀವನ ಕರ್ತೃತ್ವವನ್ನು ಅಲ್ಲಗಳೆಯಲಿಲ್ಲ. ಅದು ದೇವರ ಅಧೀನವೆಂದರು. ಎಲ್ಲವೂ ನಿಯತಿ, ಪುರುಷಪ್ರಯತ್ನಕ್ಕೆ ಬೆಲೆಯಿಲ್ಲ ಎಂದವರು ಆಜೀವಿಕರು. ಬೌದ್ಧರೂ ಜೈನರೂ ಅವರನ್ನು ಕಟುವಾಗಿ ವಿರೋಧಿಸಿದರು.

ತನಗೆ ತಾನೇ ನಿಯಮ ವಿಧಿಸಿಕೊಳ್ಳಬಲ್ಲ ಮನುಷ್ಯನನ್ನು ಬರೀ ಸಾಧನವಾಗಿ ಬಳಸಕೂಡದೆಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ವಾದಿಸಿದ. 1948ರ ಡಿಸೆಂಬರ್ 10ರಂದು ಅಂಗೀಕಾರವಾದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿ ವಿವೇಕ ಮತ್ತು ಅಂತಃಸಾಕ್ಷಿಗಳನ್ನು ಹೆಸರಿಸುತ್ತದೆ. ಇಚ್ಛಾಸ್ವಾತಂತ್ರ್ಯವೆಂಬ ಮಾತು ಅಲ್ಲಿಲ್ಲದಿದ್ದರೂ ಅದನ್ನು ಒಪ್ಪದೆ ಆ ವಿಧಿಯನ್ನು ಅರ್ಥೈಸುವುದು ಕಷ್ಟ.

ಕೈ ಆಡಿಸಬೇಕೆಂಬ ಅರಿವು ಮೂಡುವ ಮೊದಲೇ ಮಿದುಳಿನಲ್ಲಿ ಅದರ ಸಿದ್ಧತೆ ಶುರುವಾಗುತ್ತದೆಂದು ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ತೋರಿಸಿದ ಮೇಲೆ ಚರ್ಚೆ ಬಿಸಿಯೇರಿತು. ಕ್ಷಣಮಾತ್ರದ ಕೈಯಾಟದಿಂದ ಜೀವನದ ನಿರ್ಧಾರಗಳನ್ನು ಅಳೆಯುವುದು ಅವಸರದ ತೀರ್ಮಾನ. ಕೊನೆಗಳಿಗೆಯಲ್ಲಿ ಬೇಡವೆನ್ನುವ ಅವಕಾಶ ಉಳಿದಿದೆಯೆಂದು ಲಿಬೆಟ್ ಕೂಡ ನಂಬಿದ್ದ.

ಕೃತ್ಯ ಸ್ವಂತ ಇಚ್ಛೆಯದೇ ಎಂಬ ಪ್ರಶ್ನೆಯನ್ನು ಕಾನೂನು ದಿನನಿತ್ಯ ಎದುರಿಸುತ್ತದೆ. ಏಳು ವರ್ಷ ತುಂಬದ ಮಗುವಿನ ಕೃತ್ಯವನ್ನು ಭಾರತದಲ್ಲಿ ಅಪರಾಧವೆನ್ನುವುದಿಲ್ಲ. ಇಚ್ಛೆಯ ಹಕ್ಕಿನ ಬಗ್ಗೆ ನಮ್ಮಲ್ಲಿ ಬಂದ ಅತಿ ಮುಖ್ಯ ತೀರ್ಪುಗಳಲ್ಲೊಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ್ದು. ಪ್ರಶ್ನೆಗೆ ಒಳಗಾಗಿದ್ದು ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಬ್ರೈನ್ ಮ್ಯಾಪಿಂಗ್. ಮಂಪರು ಪರೀಕ್ಷೆಯಲ್ಲಿ ಆರೋಪಿಯನ್ನು ಮಲಗಿಸಿ, ಅರಿವಳಿಕೆ ತಜ್ಞರು ಸೋಡಿಯಂ ಪೆಂಟೋಥಾಲ್ ಔಷಧವನ್ನು ರಕ್ತನಾಳಕ್ಕೆ ನಿಧಾನವಾಗಿ ಇಳಿಸುತ್ತಾರೆ. ಪೂರ್ತಿ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ನಾಲಿಗೆ ತೊದಲುವ ಆ ಸ್ಥಿತಿಯಲ್ಲಿ ಪ್ರಶ್ನೆ ಕೇಳಲಾಗುತ್ತದೆ. ಹೇಳಬೇಕೋ ಬೇಡವೋ ಎಂದು ತೂಗುವ ಮನಸ್ಸೇ ಆಗ ಹಿಡಿತ ತಪ್ಪಿರುತ್ತದೆ.

2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠವು ಇಂಥ ಪರೀಕ್ಷೆಗಳನ್ನು ಒತ್ತಾಯದಿಂದ ನಡೆಸುವುದು ಸಂವಿಧಾನದ 20(3) ಮತ್ತು 21ನೆಯ ವಿಧಿಗಳ ಉಲ್ಲಂಘನೆ ಎಂದಿತು. ಮಾತಾಡುವುದೋ ಮೌನವಾಗಿರುವುದೋ ಎಂಬ ಆಯ್ಕೆ ಆರೋಪಿಯದೇ. ಸುಳ್ಳುಪತ್ತೆಗೆ ಒಪ್ಪಿಗೆಯಿದ್ದರೂ ಅದು ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು, ವಕೀಲರ ನೆರವು ಸಿಗಬೇಕೆಂಬ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮಾರ್ಗಸೂಚಿಯನ್ನು ಎತ್ತಿಹಿಡಿದು, ಉಳಿದೆರಡಕ್ಕೂ ಅಂಥದೇ ಕ್ರಮ ಬೇಕೆಂದಿತು. ಗಮನಿಸಬೇಕಾದ ಇನ್ನೊಂದು ಅಂಶವಿದೆ: ಮನಸಾರೆ ಒಪ್ಪಿ ಪರೀಕ್ಷೆಗೊಳಗಾದವನ ಹೇಳಿಕೆಯೂ ತಾನೇ ಸಾಕ್ಷ್ಯವಾಗದು, ಏಕೆಂದರೆ ಒಪ್ಪಿಗೆ ಕೊಟ್ಟಾಗ ಅವನಿಗಿದ್ದ ಹಿಡಿತ ಉತ್ತರ ಕೊಡುವಾಗ ಇರುವುದಿಲ್ಲ.