ಸಂಸಾರದ ನಡುವೆ ಸರಸ್ವತಿ

ಅಡ್ಯಾರಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಪುಸ್ತಕಕ್ಕೆ ಬಡತನವಿಲ್ಲ. ಕರ್ನಲ್ ಆಲ್ಕಾಟ್ ಅವರು 1886ರಲ್ಲಿ ಸ್ಥಾಪಿಸಿದ ಇಲ್ಲಿನ ಗ್ರಂಥಾಲಯ ತಾಳೆಯೋಲೆಗಳ ಭಂಡಾರವೆಂದು ಲೋಕಪ್ರಸಿದ್ಧ. ನಮ್ಮ ಸಂಘದ ಬೀರುವಿನಲ್ಲಿಯೂ ಕನ್ನಡ ಕಾದಂಬರಿಗಳು ಸಾಕಷ್ಟಿವೆ. ಬಡತನವಿರುವುದು ಹೊತ್ತಿಗೆ. ನಮ್ಮದು ಎರಡು ಕೋಣೆಯ ಮನೆ; ಇರುವುದು ಒಂದೇ ಮೇಜು. ಸಂಜೆ ಅದು ಮಕ್ಕಳ ಪಾಠಕ್ಕೆ, ಆಮೇಲೆ ಊಟಕ್ಕೆ. ರಾತ್ರಿ ಹತ್ತಾದ ಮೇಲೆ ನಮ್ಮ ಸರದಿ. ಪ್ರಸ್ತುತ ಲೇಖನ ಸಿದ್ಧವಾದದ್ದೂ ಹಾಗೆಯೇ.

ಸಂಸಾರಿಗಳಿಗೆ ಸಾಹಿತ್ಯವೆಲ್ಲಿ ಸಾಧ್ಯ ಎಂದು ಸದಸ್ಯಮಿತ್ರರು ಹೇಳುವುದುಂಟು. ನಮ್ಮ ಹಿರಿಯರು ಇದನ್ನು ಹೇಗೆ ಸಾಧಿಸಿದರೆಂದು ತಿಳಿದರೆ ಈ ಮಾತಿನಲ್ಲಿ ಎಷ್ಟು ನಿಜವಿದೆಯೆಂಬುದು ತಿಳಿಯುತ್ತದೆ.

ಮೊದಲು ನೆನಪಾಗುವವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಮದರಾಸಿನಲ್ಲಿ ಓದಿ 1914ರಲ್ಲಿ ಇಲ್ಲಿಯೇ ಎಂ.ಎ. ಪದವಿ ಪಡೆದವರು. ಮೈಸೂರು ಸಿವಿಲ್ ಸರ್ವಿಸ್ ಸೇರಿದ ಮೇಲೆ ಅಧಿಕಾರಿಯಾಗಿ ಊರೂರು ಸುತ್ತಿದರು. ಆರು ಹೆಣ್ಣುಮಕ್ಕಳ ತಂದೆ. ಹೀಗಿದ್ದೂ 1920ರ 'ಕೆಲವು ಸಣ್ಣ ಕತೆಗಳು' ಮೊದಲ್ಗೊಂಡು 'ಚಿಕವೀರ ರಾಜೇಂದ್ರ'ದವರೆಗೆ, ಅದರಾಚೆಗೂ, ಬರೆಯುತ್ತಲೇ ಹೋದರು. 1983ರ ಜ್ಞಾನಪೀಠ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಕಚೇರಿಯ ಕಡತ ಹೊರುವವರಿಗೆಲ್ಲ ಅವರೇ ಆದರ್ಶ. ಆದರೆ ಇಲ್ಲೊಂದು ಮಾತನ್ನು ಮರೆಯಬಾರದು. ಆ ಕಾಲದ ಗಂಡಸಿಗೆ ಕಚೇರಿಯ ಭಾರವಿತ್ತೇ ಹೊರತು ಅಡಿಗೆಮನೆಯ ಭಾರವಿರಲಿಲ್ಲ. ಮನೆಯ ಹೊತ್ತನ್ನು ಬೇರೊಬ್ಬರು ಹೊತ್ತುಕೊಂಡಿದ್ದರಿಂದಲೇ ಅವನ ಹೊತ್ತು ಬರವಣಿಗೆಗೆ ಉಳಿಯುತ್ತಿತ್ತು.

ಆ ಬೇರೊಬ್ಬರೇ ಲೇಖನಿ ಹಿಡಿದಾಗ ಏನಾಯಿತು? ಕೊಡಗಿನ ಗೌರಮ್ಮನವರು ಗೃಹಿಣಿಯಾಗಿ, ತಾಯಿಯಾಗಿ, ಬಿಡುವು ಮಾಡಿಕೊಂಡು ಕಥೆ ಬರೆದರು. 1939ರಲ್ಲಿ ಈಜಲು ಹೋಗಿ ನೀರುಪಾಲಾದಾಗ ಅವರಿಗೆ ಇಪ್ಪತ್ತೇಳು ವರ್ಷ. ಇಂದು ನಮಗೆ ಉಳಿದಿರುವುದು 'ಕಂಬನಿ', 'ಚಿಗುರು' ಎಂಬ ಸಂಕಲನಗಳು. ಮಲೆನಾಡಿನ ಎಂ.ಕೆ. ಇಂದಿರಾ ಅವರಿಗೆ ಚಿಕ್ಕಂದಿನಲ್ಲಿಯೇ ಮದುವೆಯಾಯಿತು. ಅವರ 'ತುಂಗಭದ್ರ' ಕಾದಂಬರಿ ಅಚ್ಚಾದದ್ದು 1963ರಲ್ಲಿ, ಅಂದರೆ ನಲವತ್ತೈದು ದಾಟಿದ ಮೇಲೆ. ತಮ್ಮ ಬಂಧುವರ್ಗದ ಬಾಲವಿಧವೆಯೊಬ್ಬರ ಬಾಳನ್ನು ಹೇಳುವ 'ಫಣಿಯಮ್ಮ' 1976ರಲ್ಲಿ ಬಂತು. ಅಷ್ಟು ತಡವಾಗಿ ಆರಂಭಿಸಿಯೂ ಹತ್ತಾರು ಕಾದಂಬರಿ ಬರೆದ ಆಕೆ, ಅದಕ್ಕೆ ಮೊದಲಿನ ವರ್ಷಗಳೂ ಕೈಗೆ ಸಿಕ್ಕಿದ್ದರೆ ಇನ್ನೆಷ್ಟು ಬರೆಯುತ್ತಿದ್ದರೋ!

ಫಣಿಯಮ್ಮನ ಹಾಗೆಯೇ ಎಳೆಯ ವಯಸ್ಸಿನಲ್ಲಿ ವೈಧವ್ಯಕ್ಕೆ ಗುರಿಯಾಗಿ, ಫಣಿಯಮ್ಮನಿಗಿಲ್ಲದ ಅಕ್ಷರದ ಬಲದಿಂದ ಬದುಕು ಕಟ್ಟಿಕೊಂಡವರು ನಂಜನಗೂಡು ತಿರುಮಲಾಂಬಾ. ನಮ್ಮ ಊರಿನ ಓದುಗರು ಅಗತ್ಯವಾಗಿ ತಿಳಿಯಬೇಕಾದ ಹೆಸರು ಇದು. ಹುಟ್ಟಿದ್ದು 1887ರಲ್ಲಿ. ಬಾಲ್ಯವಿವಾಹ, ಹದಿನಾಲ್ಕರ ಹೊತ್ತಿಗೆ ಗಂಡ ತೀರಿಕೊಂಡ. ಅಂದಿನ ಸಮಾಜ ಅಂಥ ಹುಡುಗಿಗೆ ಕೊಡುತ್ತಿದ್ದುದು ಮನೆಯ ಮೂಲೆಯನ್ನು. ವಕೀಲರಾಗಿದ್ದ ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. ಮನೆಯೇ ಪಾಠಶಾಲೆಯಾಯಿತು. ಕನ್ನಡದ ಜೊತೆಗೆ ಸಂಸ್ಕೃತ, ತೆಲುಗು, ತಮಿಳುಗಳಲ್ಲಿಯೂ ಆಕೆಗೆ ಪರಿಚಯವಾಯಿತು.

1913ರಲ್ಲಿ ಆಕೆ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಮೊದಲ ಕಾದಂಬರಿ 'ಸುಶೀಲೆ' ಬೆಳಕು ಕಂಡದ್ದು ಆಗಲೇ. ಮುಂದೆ ಸ್ತ್ರೀಯರಿಗಾಗಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ಹೊರತಂದರು. ಲೇಖಕಿ, ಪ್ರಕಾಶಕಿ, ಸಂಪಾದಕಿ ಎಲ್ಲವೂ ತಾವೇ. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ದಿನಗಳಲ್ಲಿ, ನಂಜನಗೂಡಿನಂಥ ಸಣ್ಣ ಊರಿನಲ್ಲಿ ಕುಳಿತು ಒಬ್ಬ ವಿಧವೆ ಇಷ್ಟನ್ನು ಸಾಧಿಸಿದ್ದು ಸಾಮಾನ್ಯವಲ್ಲ. ನೆರೆಹೊರೆಯ ಹೆಣ್ಣುಮಕ್ಕಳಿಗೆ ಪಾಠ ಹೇಳುವುದೂ ಇದರ ಜೊತೆಗೇ ನಡೆದಿತ್ತು. ಆಧುನಿಕ ಕನ್ನಡದ ಮೊದಲ ಲೇಖಕಿಯರ ಸಾಲಿನಲ್ಲಿ ಅವರನ್ನು ಎಣಿಸುತ್ತಾರೆ.

ಇನ್ನು ಮುಂದಿನದು ನಮ್ಮ ಮನಸ್ಸಿಗೆ ತಾಗಿದ ಸಂಗತಿ. ಲೇಖನಿ ಕೆಳಗಿಟ್ಟ ಎಷ್ಟೋ ವರ್ಷಗಳ ನಂತರವೂ ಆಕೆ ಬದುಕಿದ್ದರು. ಇದ್ದದ್ದು ಇದೇ ಮದರಾಸಿನಲ್ಲಿ. ಕನ್ನಡನಾಡು ಅವರನ್ನು ಬಹುಮಟ್ಟಿಗೆ ಮರೆತಿತ್ತು. 1982ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು. ನಾವು ಈ ಊರಿಗೆ ಬಂದು ಹದಿನೈದು ವರ್ಷ ಕಳೆದರೂ ಈ ವಿಷಯ ತಿಳಿದಿರಲಿಲ್ಲ. ನಮ್ಮ ಮನೆಯಾಕೆಯೇ ಎಲ್ಲೋ ಓದಿ ತಿಳಿಸಿದರು. ಈಗ ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಕಾಲೇಜಿನ 'ಶಾಶ್ವತಿ' ಸಂಸ್ಥೆಯ ಪ್ರಶಸ್ತಿಯೊಂದು ಅವರ ಹೆಸರಿನಲ್ಲಿದೆ ಎಂಬುದೇ ಸಮಾಧಾನ.

ಈ ಮೂವರು ಸ್ತ್ರೀಯರ ಬಾಳಿನಿಂದ ನಾವು ಕಂಡುಕೊಂಡದ್ದಿಷ್ಟು: ಸಂಸಾರದಲ್ಲಿ ಓದು ಬರಹಕ್ಕೆ ಹೊತ್ತು ತಾನಾಗಿ ಹುಟ್ಟುವುದಿಲ್ಲ. ಅದನ್ನು ಯಾರೋ ಒಬ್ಬರು ಕೊಡಬೇಕು. ತಿರುಮಲಾಂಬಾ ಅವರಿಗೆ ತಂದೆ ಕೊಟ್ಟರು. ಕೊಡುವವರಿಲ್ಲದೆ ಒಂದು ಸಾಲನ್ನೂ ಬರೆಯದೆ ಹೋದವರ ಲೆಕ್ಕವನ್ನು ಯಾವ ಸಾಹಿತ್ಯ ಚರಿತ್ರೆಯೂ ಇಟ್ಟಿಲ್ಲ.

ಇಲ್ಲಿಯವರೆಗೆ ಬರೆದು ಲೇಖನವನ್ನು ಮನೆಯಾಕೆಗೆ ಓದಲು ಕೊಟ್ಟೆವು. ಅವರು ಓದಿ, "ಚೆನ್ನಾಗಿದೆ. ನಾನೂ ಮದುವೆಗೆ ಮುಂಚೆ ಎರಡು ಕಥೆ ಬರೆದಿದ್ದೆ" ಎಂದಷ್ಟೇ ಹೇಳಿ ಮಾರನೆಯ ದಿನದ ದೋಸೆಹಿಟ್ಟಿನ ಕಡೆಗೆ ಹೋದರು. ಅವು ಊರಿನ ವಾರ್ಷಿಕ ಸಂಚಿಕೆಯೊಂದರಲ್ಲಿ ಬಂದಿದ್ದವು. ನಾವು ಓದಿದ್ದೆವು, ಮೆಚ್ಚಿದ್ದೂ ಉಂಟು. ಆಮೇಲೆ ಮರೆತೆವು. ರಾತ್ರಿ ಹತ್ತರ ಮೇಲೆ ಮೇಜು ನಮಗೆ ಎಂದು ತೀರ್ಮಾನಿಸಿದವರು ಯಾರು? ನಾವೇ. ಇಷ್ಟು ವರ್ಷ ಆ ಹೊತ್ತಿನಲ್ಲಿ ಅವರೇನು ಮಾಡುತ್ತಿದ್ದರು ಎಂದು ಕೇಳಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದರು.

ಸದ್ಯಕ್ಕೆ ನಮ್ಮ ಮನೆಯಲ್ಲಿ ಒಂದು ಏರ್ಪಾಡಾಗಿದೆ. ವಾರದಲ್ಲಿ ಮೂರು ರಾತ್ರಿ ಮೇಜು ಅವರದು, ಪಾತ್ರೆ ನಮ್ಮದು. ಮೊದಲ ವಾರ ಅವರು ಏನೂ ಬರೆಯಲಿಲ್ಲ. ಸುಮ್ಮನೆ ಕುಳಿತು ಓದಿದರು. ಎರಡನೆಯ ವಾರ ಮಗಳ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳನ್ನು ಕತ್ತರಿಸಿ ಹೊಲಿದುಕೊಂಡಿದ್ದಾರೆ.

ನಮ್ಮ ಪತ್ರಿಕೆಯಲ್ಲಿ ಗೃಹಿಣಿಯರ ಲೇಖನಗಳು ಬರುವುದಿಲ್ಲವೆಂದು ಸಂಪಾದಕರು ಕೊರಗುವುದುಂಟು. ಓದುಗ ಬಂಧುಗಳು ತಂತಮ್ಮ ಮನೆಗಳಲ್ಲಿ ಮೇಜಿನ ಸರದಿ ಹೇಗಿದೆಯೆಂದು ಒಮ್ಮೆ ವಿಚಾರಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ.