ಇಂಗ್ಲಿಷಿಗೆ ಪ್ರಾಸ ಬಂದ ದಾರಿ

ನಿಮ್ಮ ಮಕ್ಕಳು ಶಾಲೆಯಲ್ಲಿ ಕಲಿತು ಬಂದ ‘ರೈಮ್ಸ್’ ಹಾಡುವುದನ್ನು ನೀವು ಕೇಳಿದ್ದೀರಿ. ಸಾಲುಗಳ ಕೊನೆಯಲ್ಲಿ ಒಂದೇ ಬಗೆಯ ಧ್ವನಿ ಮರಳಿ ಬರುವುದೇ ರೈಮ್, ಅಂದರೆ ಅಂತ್ಯಪ್ರಾಸ. ಇದು ಇಂಗ್ಲಿಷಿನ ಹುಟ್ಟುಗುಣವೆಂದು ಭಾವಿಸಬೇಡಿ. ‘ಬೇವುಲ್ಫ್’ನಂತಹ ಹಳೆಯ ಇಂಗ್ಲಿಷ್ ಕಾವ್ಯ ಪದಗಳ ಮೊದಲ ಧ್ವನಿಯ ಹೊಂದಾಣಿಕೆಯ ಮೇಲೆ ನಿಂತಿತ್ತು, ಅಂತ್ಯಪ್ರಾಸ ಅಪರೂಪ. ಲ್ಯಾಟಿನ್ ಸ್ತೋತ್ರಗಳು ಅದರ ರುಚಿ ಹತ್ತಿಸಿದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚ್ ಕಾವ್ಯದ ಪ್ರಭಾವದಿಂದ ಅದು ಬೇರೂರಿತು. ‘ರೈಮ್’ ಎಂಬ ಪದವೂ ಫ್ರೆಂಚಿನಿಂದಲೇ ಬಂದುದು. 14ನೇ ಶತಮಾನದಲ್ಲಿ ಚಾಸರ್ ಕವಿ ಪ್ರಾಸವನ್ನು ಸೊಗಸಾಗಿ ಪಳಗಿಸಿದನು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಮಿಲ್ಟನ್ ಅದನ್ನೇ ಕೈಬಿಟ್ಟನು. ಎರವಲು ಪಡೆದುದರಿಂದ ಇಂಗ್ಲಿಷ್ ಬಡವಾಗಲಿಲ್ಲ, ಬೆಳೆಯಿತು. ಇನ್ನೊಂದು ಭಾಷೆ ಕಲಿತರೆ ತಮ್ಮದು ಕಳೆದೀತೆಂದು ಅಂಜುವವರು ಈ ಚರಿತ್ರೆಯನ್ನು ನೆನೆಯಲಿ.